ಮೂರನೆಯ ಲೋಟ

2024ರ ಜುಲೈ 11, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಫೋನು ಬಂದಾಗ ಸರ್ವಮಂಗಳ ಕುರ್ಚಿಯಲ್ಲಿ ಕೂತಿದ್ದಳು. ಮಾತು ಮುಗಿದಾಗ ನಿಂತಿದ್ದಳು. ನಡುವೆ ಯಾವಾಗ ಎದ್ದಳೆಂಬುದು ಅವಳಿಗೇ ತಿಳಿಯಲಿಲ್ಲ. ನಲವತ್ತಮೂರು ವರ್ಷದ ಹೆಂಗಸು, ತುಮಕೂರಿನ ಸದಾಶಿವನಗರದ ಮನೆಯೊಂದರ ಮಹಡಿಯಲ್ಲಿ ಎಂಟು ವರ್ಷದಿಂದ ಸ್ವಂತ ಕಂಪನಿ ನಡೆಸುತ್ತಿರುವವಳು, ಮೂವತ್ತೊಂದು ಪ್ರಯೋಗಾಲಯಗಳ ಅಳತೆಗಳನ್ನು ದಾಖಲಿಸುವ ಸಾಫ್ಟ್‌ವೇರ್ ಕಟ್ಟಿದವಳು, ಒಂದು ದನಿ ಕಿವಿಗೆ ಬಿದ್ದದ್ದೇ ಎದ್ದು ನಿಂತು, ಯಾರೂ ನೋಡದ ಕೋಣೆಯಲ್ಲಿ ದುಪಟ್ಟಾ ಸರಿಮಾಡಿಕೊಂಡಿದ್ದಳು.

"ಏನಮ್ಮ ಸರ್ವಮಂಗಳ, ಹೇಗಿದೀಯಾ? ಜಯಪ್ರಕಾಶ್ ಮಾತಾಡ್ತಿರೋದು, ಕುಣಿಗಲ್‌ನಿಂದ."

ಹೆಸರು ಹೇಳುವ ಅಗತ್ಯವಿರಲಿಲ್ಲ. ಕುಣಿಗಲ್‌ನ ಖಾಸಗಿ ಕಾಲೇಜಿಗೆ ಅವರು ಪ್ರಿನ್ಸಿಪಾಲರಾಗಿ ಬಂದು ನೀರಿನ ಪ್ರಯೋಗಾಲಯ ತೆರೆದು, ಅವಳ ಸಾಫ್ಟ್‌ವೇರನ್ನೇ ಕೊಂಡು ಎರಡು ವರ್ಷವಾಗಿತ್ತು. ಈವರೆಗೆ ಅವರ ಪರವಾಗಿ ಗುಮಾಸ್ತರೇ ಮಾತಾಡುತ್ತಿದ್ದರು.

"ನಿನ್ನ ಸಾಫ್ಟ್‌ವೇರಲ್ಲಿ ಒಂದು ಲೈನ್ ಕಚ್ಕೊಂಡು ಕೂತಿದೆ ಕಣಮ್ಮ. ಅಳಿಸೋಣ ಅಂದ್ರೆ ಬಿಡ್ತಾನೇ ಇಲ್ಲ. ಸೋಮವಾರ ಪ್ರಾಜೆಕ್ಟ್ ಕಮಿಟಿ ಬರುತ್ತೆ. ಅಷ್ಟರೊಳಗೆ ನೀನೇ ಒಳಗಿಂದ ತೆಗೆದುಬಿಡು. ಗುಬ್ಬಿದು, ಸ್ಯಾಂಪಲ್ ಹದಿನೇಳು."

"ನೋಡ್ತೀನಿ ಸರ್."

"ನೀನು ನಮ್ಮ ಲ್ಯಾಬ್ ಹುಡುಗಿ ಅಂತ ಎಲ್ಲರ ಹತ್ರಾನೂ ಹೇಳ್ತಿರ್ತೀನಿ. ಮದುವೆ ಆಯ್ತು ಅಂತ ಅಲ್ವಾ ಆಗ ಬಿಟ್ಟಿದ್ದು?"

"ಹೂಂ ಸರ್," ಎಂದಳು ಸರ್ವಮಂಗಳ. ಅವಳಿಗೆ ಮದುವೆಯಾಗಿರಲಿಲ್ಲ, ಆಗಲೂ, ಆಮೇಲೂ.

ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟು ಅವಳು ಕಿಟಕಿಯ ಬಳಿ ಹೋದಳು. ಎದುರು ಮನೆಯ ತಾರಸಿಯಲ್ಲಿ ಯಾರೋ ಒಗೆದ ಸೀರೆಯನ್ನು ಕೊಡವಿ ಹರವುತ್ತಿದ್ದರು. ಜಯಪ್ರಕಾಶರು ಮರೆತಿದ್ದಾರೆ. ಇದು ಅವಳು ಎಣಿಸದ ಅವಮಾನ. ಹತ್ತೊಂಬತ್ತು ವರ್ಷ ಅವಳು ಮನಸ್ಸಿನಲ್ಲಿ ಈ ಮನುಷ್ಯನ ಎದುರು ನಿಂತು ವಾದಿಸಿದ್ದಳು, ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ, ಗಿರಾಕಿಗಳ ಮುಂದೆ ನಗುತ್ತಿರುವಾಗಲೂ. ಎದುರು ಪಕ್ಷದವರಿಗೆ ಮಾತ್ರ ಅಂಥದೊಂದು ವ್ಯಾಜ್ಯ ಇರುವುದೇ ಗೊತ್ತಿರಲಿಲ್ಲ. ತುಮಕೂರಿನಲ್ಲಿ ಅವರ ಕೈಕೆಳಗೆ ಅವಳು ಸಂಶೋಧನೆಗೆ ಸೇರಿದ್ದ ಆ ಹಳೆಯ ಲ್ಯಾಬಿನಲ್ಲಿ ಅಂದು ಹನ್ನೊಂದು ಜನ ಇದ್ದರು. ಗುಬ್ಬಿ ತಾಲ್ಲೂಕಿನ ನಲವತ್ತು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ನೋಡುವ ಕೆಲಸ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಬಾರದು, ಹಲ್ಲು ಕಂದಾಗುತ್ತದೆ, ಕ್ರಮೇಣ ಮಂಡಿ ಬಗ್ಗುವುದಿಲ್ಲ. ಉಳಿದವೆಲ್ಲ ಒಂದರ ಆಚೀಚೆ ಇದ್ದವು. ಅವಳು ಅಳೆದ ಹದಿನೇಳನೆಯದು ಮಾತ್ರ 1.9. ಅವಳ ಜೀವಮಾನದ ಮೊದಲ ಶೋಧ ಎಂಬಂತೆ ಅದನ್ನು ತೆಗೆದುಕೊಂಡು ಹೋಗಿ ತೋರಿಸಿದ್ದಳು. ಜಯಪ್ರಕಾಶರು ಅಂಕಿಯನ್ನು ನೋಡಲಿಲ್ಲ. ಅವಳ ಬೀಕರನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, "ಮನೇಲಿ ಲೋಟ ತೊಳೆದು ಅಭ್ಯಾಸ ಇಲ್ವೇನಮ್ಮ?" ಎಂದರು. ಜನ ನಕ್ಕರು. ನಗು ನಿಲ್ಲುವ ಮೊದಲೇ ಅಟೆಂಡರ್ ಸಿದ್ದಯ್ಯನನ್ನು ಕೂಗಿ, "ಬಾರಯ್ಯ, ಎಮ್ಮೆಸ್ಸಿ ಮೇಡಂಗೆ ಲೋಟ ತೊಳೆಯೋದು ಹೇಳಿಕೊಡು" ಎಂದರು. ಸಿದ್ದಯ್ಯ ತಲೆ ತಗ್ಗಿಸಿ ಮೂರು ಸಲ ತೊಳೆದ, ಅವಳು ಪಕ್ಕದಲ್ಲಿ ನಿಂತು ನೋಡಿದಳು. "ಬೇಜಾರ್ ಮಾಡ್ಕಬ್ಯಾಡಿ ಮೇಡಂ, ನಂಗೂ ದಿನಾ ಬೈತಾರೆ," ಎಂದು ನಲ್ಲಿಯ ಸದ್ದಿನೊಳಗೆ ಪಿಸುಗುಟ್ಟಿದ. ಹದಿನೇಳನೆಯ ಅಂಕಿಯ ಮೇಲೆ ಕೆಂಪು ಇಂಕಿನ ಗೀಟು ಬಿತ್ತು. ಹಾಸ್ಟೆಲಿನಲ್ಲಿ ಅವಳಿಗೆ ಲೋಟ ಎಂದು ಹೆಸರಾಯಿತು. ನಾಲ್ಕು ತಿಂಗಳ ಬಳಿಕ ಸಂಶೋಧನೆ ಬಿಟ್ಟು ಉಪ್ಪಾರಹಳ್ಳಿಯ ಮನೆಗೆ ಬಂದಾಗ ತಾಯಿ ಬಸವಲಿಂಗಮ್ಮ ಕೇಳಿದ್ದು ಒಂದೇ ಮಾತು: "ನಿಮ್ಮಪ್ಪನ ಪೂಜೆ ತಂಬಿಗೆ ಹತ್ತು ವರ್ಷ ತೊಳ್ದವಳು ಕಣೇ ನೀನು. ಲಿಂಗಕ್ಕೆ ಎರೆಯೋ ನೀರು ಅಂತ ಮೂರು ಸಲ ತೊಳ್ದು ಮುಸುರೆ ವಾಸ್ನೆ ನೋಡ್ತಿದ್ದೆ. ಅವನಿಗೆ ಅದನ್ನ ಹೇಳಕ್ಕಾಗಲಿಲ್ವಾ?" ಹೇಳಲು ಆಗಿರಲಿಲ್ಲ. ತೊಳೆದಿದ್ದೆ ಎಂಬ ನಾಲ್ಕಕ್ಷರ ಅಂದು ಬಾಯಿಗೆ ಬಂದಿರಲಿಲ್ಲ. ತೊಳೆದ ನೆನಪು ಮಾತ್ರ ಕಣ್ಣಿಗೆ ಕಟ್ಟಿದಂತೆ ಇತ್ತು, ಇವತ್ತಿಗೂ ಇದೆ: ನಲ್ಲಿಯ ಕೆಳಗೆ ತಿರುಗುವ ಬೀಕರು, ಒದ್ದೆ ಬೆರಳುಗಳು, ಒಂದು, ಎರಡು, ಮೂರು.

ಆ ಮಾತನ್ನು ಕೊನೆಗೆ ಅವಳು ಸಾಫ್ಟ್‌ವೇರಿನಲ್ಲಿ ಹೇಳಿದಳು. ಅದರಲ್ಲಿ ಅಳಿಸುವ ಗುಂಡಿಯೇ ಇಲ್ಲ. ಯಂತ್ರದಿಂದ ಬಂದ ಅಂಕಿ ಅಲ್ಲೇ ಇರುತ್ತದೆ. ಬೇಡವಾದರೆ ಅದರ ಮೇಲೆ ಒಂದು ಗೀಟು ಎಳೆಯಬಹುದು, ಗೀಟಿನ ಕೆಳಗೂ ಅಂಕಿ ಕಾಣುತ್ತದೆ. ಎಳೆಯುವವರು ಕಾರಣ ಬರೆಯಬೇಕು, ಹೆಸರು ಬರೆಯಬೇಕು, ಮತ್ತೆ ಅಳೆದದ್ದುಂಟೇ ಇಲ್ಲವೇ ಎಂಬುದನ್ನು ಸಾಫ್ಟ್‌ವೇರ್ ತಾನೇ ಪಕ್ಕದಲ್ಲಿ ತೋರಿಸುತ್ತದೆ. ಪಾಲುದಾರ ರಂಗರಾಜು ಇದಕ್ಕಾಗಿ ಎಂಟು ವರ್ಷದಿಂದ ಜಗಳವಾಡುತ್ತಿದ್ದಾನೆ. ಮೊದಲು ಕಾಲೇಜುಗಳಿಗೆ ತಕ್ಕಡಿ, ಸೂಕ್ಷ್ಮದರ್ಶಕ ಮಾರುತ್ತಿದ್ದವನು, ಜಿಲ್ಲೆಯ ಪ್ರತಿ ಲ್ಯಾಬಿನ ಬೀಗ ಯಾರ ಹತ್ತಿರ ಇರುತ್ತದೆಂದು ಬಲ್ಲವನು. "ಮೇಡಂ, ಇವ್ರು ವಿಜ್ಞಾನಿಗಳು, ಕಳ್ರಲ್ಲ. ನೀವು ಸ್ಟೇಷನ್ ಡೈರಿ ಮಾಡ್ಕೊಟ್ಟಿದೀರಾ," ಎನ್ನುತ್ತಾನೆ. ವಿಜ್ಞಾನದ ಶುದ್ಧಿಗಾಗಿ ಇದು ಬೇಕು ಎಂದು ಅವಳು ಉತ್ತರಿಸುತ್ತಾಳೆ, ಹಾಗೆಂದು ಕರಪತ್ರದಲ್ಲೂ ಅಚ್ಚು ಹಾಕಿಸಿದ್ದಾಳೆ. ಒಬ್ಬ ಮನುಷ್ಯ ಒಂದು ದಿನ ಬಂದು ಸಿಕ್ಕಿಬೀಳಲಿ ಎಂದು ಹೆಣೆದ ಬಲೆ ಅದು ಎಂಬುದನ್ನು ಯಾರಿಗೂ ಹೇಳಿಲ್ಲ.

ಗಿರಾಕಿಗಳ ದಾಖಲೆ ನೋಡುವ ಅಧಿಕಾರ ರಿಪೇರಿಗೆಂದು ಅವಳಿಗೆ ಇತ್ತು. ಕುಣಿಗಲ್‌ನ ಪುಟ ತೆರೆದಳು. ಗುಬ್ಬಿಯ ನಲವತ್ತು ಬಾವಿಗಳಿಗೆ ಅಂದು ಕೊಟ್ಟ ಸಂಖ್ಯೆಗಳನ್ನೇ ಜಯಪ್ರಕಾಶರು ಇಂದಿಗೂ ಇಟ್ಟುಕೊಂಡಿದ್ದರು. ಅಳೆಯುವ ಕ್ರಮವೂ ಅವರು ಅಂದು ಹಾಕಿಕೊಟ್ಟದ್ದೇ: ಹದಿನಾರು ಮಾದರಿ ಮುಗಿದ ಮೇಲೆ ಒಮ್ಮೆ ಲೀಟರಿಗೆ ಹತ್ತು ಮಿಲಿಗ್ರಾಂ ಫ್ಲೋರೈಡ್ ಇದೆಯೆಂದು ಮೊದಲೇ ಗೊತ್ತಿರುವ ದ್ರಾವಣವನ್ನು ಅಳೆದು ಯಂತ್ರ ಸರಿಯಿದೆಯೇ ನೋಡಿ, ಮುಂದಕ್ಕೆ ಹೋಗುವುದು. ಪರದೆಯ ಮೇಲೆ ಸಾಲುಗಳು ಇಳಿದವು. ಹದಿನಾರು, 0.88. ದ್ರಾವಣ, 10.02. ಹದಿನೇಳು, 1.81. ಅದರ ಮೇಲೆ ಗೀಟು. ಕಾರಣ: ಪಾತ್ರೆ ಸರಿಯಾಗಿ ತೊಳೆದಿಲ್ಲ, ತ್ರಿವೇಣಿ. ಗೀಟು ಎಳೆದವರು: ಜಯಪ್ರಕಾಶ್, ಜುಲೈ 4, ಸಂಜೆ 4.12. ಮರು ಅಳತೆ: ಇಲ್ಲ.

ಅವಳು ಆ ಕೊನೆಯ ಮಾತನ್ನು ಹಲವು ಸಲ ಓದಿದಳು. ಮೈಯಲ್ಲಿ ಸಣ್ಣಗೆ ಕಾವು ಏರಿತು, ಜ್ವರ ಬಿಟ್ಟ ಮೇಲೆ ಮೊದಲ ಸಲ ಹಸಿವಾದಾಗಿನಂತೆ. ಅದೇ ಬಾವಿ. ಅದೇ ಮಾತು. ಹತ್ತೊಂಬತ್ತು ವರ್ಷದಿಂದ ಆ ನೀರು ಒಂದನ್ನೇ ಹೇಳುತ್ತಿದೆ, ಈತ ಅದರ ಬಾಯಿ ಮುಚ್ಚುತ್ತಿದ್ದಾರೆ. ಇನ್ನು ಅವಳು ಮಾಡಬೇಕಾದದ್ದು ಇಷ್ಟೇ: ಹೋಗಿ ನೀರು ತರುವುದು, ತಾನೇ ಅಳೆಯುವುದು, ಅಂಕಿಯ ಜೊತೆ ಈ ಪುಟವನ್ನು ಸೇರಿಸಿ ಕಮಿಟಿಗೆ ಕಳಿಸುವುದು. ಪತ್ರ ಬರೆಯಬೇಕಿರಲಿಲ್ಲ, ಮನಸ್ಸಿನಲ್ಲಿ ಬರೆದು ಎಷ್ಟೋ ವರ್ಷವಾಗಿತ್ತು. ಬೆರಳುಗಳಿಂದ ಇಳಿಸುವುದಷ್ಟೇ ಬಾಕಿ.

ಆ ಮಾದರಿ ಅಳೆದ ವಿದ್ಯಾರ್ಥಿನಿ ತ್ರಿವೇಣಿಯ ನಂಬರು ದಾಖಲೆಯಲ್ಲೇ ಸಿಕ್ಕಿತು. ಹುಡುಗಿ ಮೆಟ್ಟಿಲ ಮೇಲೆಲ್ಲೋ ನಿಂತು ಮಾತಾಡುತ್ತಿದ್ದಂತೆ ದನಿ ಗುಂಯ್‌ಗುಟ್ಟುತ್ತಿತ್ತು.

"ಬೀಕರ್ ತೊಳ್ದಿದ್ಯಾ ಇಲ್ವಾ ಅವತ್ತು?"

"ತೊಳ್ದಿದ್ದೆ ಅನ್ಸುತ್ತೆ ಮೇಡಂ."

"ಅನ್ಸುತ್ತೆ ಅನ್ಬೇಡ."

"ಸರ್ ಎಲ್ರ ಮುಂದೆ ಅಂಗಂದ್ರಲ್ಲ, ಆವಾಗಿಂದ ನಂಗೇ ಡೌಟು ಮೇಡಂ. ಮನೇಲಿ ಪಾತ್ರೆ ತೊಳೀವಾಗ್ಲೂ ಎರಡೆರಡು ಸಲ ನೋಡ್ಕಂತೀನಿ."

"ನೀನು ತೊಳ್ದಿದ್ದೆ. ನಾನು ಹೇಳ್ತೀನಿ ಕೇಳು, ತೊಳ್ದಿದ್ದೆ. ಸೋಮವಾರ ಕಮಿಟಿ ಕೇಳಿದ್ರೆ ಹಾಗೇ ಹೇಳ್ಬೇಕು. ನಿನ್ ಪರವಾಗಿ ನಾನಿದೀನಿ."

"ಬ್ಯಾಡ ಬುಡಿ ಮೇಡಂ. ನಂದಿನ್ನ ಒಂದ್ ವರ್ಷ ಐತೆ," ಎಂದಳು ತ್ರಿವೇಣಿ. ಸರ್ವಮಂಗಳ ಅದನ್ನು ಕೇಳಿಸಿಕೊಂಡಳು, ಆದರೆ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ಹೆದರಿದವರು ಹಾಗೇ ಹೇಳುತ್ತಾರೆ. ತನ್ನನ್ನು ಯಾರಾದರೂ ಅಂದು ಹೀಗೆ ಹಿಡಿದು ಅಲುಗಾಡಿಸಿದ್ದರೆ.

ಹನ್ನೊಂದೂವರೆಗೆ ರಂಗರಾಜುವಿನ ಕಾರಿನಲ್ಲಿ ಗುಬ್ಬಿಯ ಕಡೆ ಹೊರಟರು. ವಿಷಯವನ್ನು ಅವನಿಗೆ ಅರ್ಧ ಹೇಳಿದಳು, ಲೋಟದ ಅರ್ಧವನ್ನು ಬಿಟ್ಟು. ಲಾರಿಯೊಂದರ ಹಿಂದೆ ಸಿಕ್ಕಿಕೊಂಡು ರಂಗರಾಜು ಸ್ಟೇರಿಂಗಿನ ಮೇಲೆ ತಾಳ ಹಾಕಿದ.

"ಅಂತೂ ನಮ್ ಕಸ್ಟಮರ್ ಮೇಲೆ ನಾವೇ ಕಂಪ್ಲೇಂಟ್ ಕೊಡಕ್ಕೆ, ನಂದೇ ಕಾರಲ್ಲಿ, ನಾನೇ ಡ್ರೈವರ್."

"ಬೇಜಾರಾದ್ರೆ ಬಸ್ಸಲ್ಲಿ ಹೋಗ್ತೀನಿ."

"ನಂಗೇನ್ ಬೇಜಾರು. ನೀವು ಗೆದ್ರೆ ಒಬ್ಬ ಹೋಗ್ತಾನೆ, ಸೋತ್ರೆ ಮೂವತ್ತೊಂದೂ ಹೋಗ್ತವೆ. ಲ್ಯಾಬ್‌ಗಳ ರೆಕಾರ್ಡ್ ನೋಡಿ ನಾವು ಊರೂರಿಗೆ ಹೇಳ್ಕಂಡ್ ಓಡಾಡ್ತೀವಿ ಅಂದ್ರೆ ನಾಳೆ ಯಾವನು ಒಳಗೆ ಬಿಟ್ಕಂತಾನೆ?" ಅವನು ಅವಳ ಕಡೆ ತಿರುಗಿದ. "ಗ್ಯಾರಂಟಿನಾ ಮೇಡಂ?"

"ಗ್ಯಾರಂಟಿ."

"ಅಳತೆ ಇನ್ನೂ ಮಾಡೇ ಇಲ್ವಲ್ಲ."

ಗುಬ್ಬಿಯಿಂದ ಒಳಗೆ ಏಳು ಕಿಲೋಮೀಟರು ಹೋದ ಮೇಲೆ ಆ ಊರು. ಅಂದಿನ ಕೈಪಂಪು ಇರಲಿಲ್ಲ, ಅದೇ ಬಾವಿಗೆ ಮೋಟಾರು ಇಳಿಸಿ ಪಕ್ಕದಲ್ಲಿ ಸಿಮೆಂಟಿನ ಪುಟ್ಟ ಟ್ಯಾಂಕು ಕಟ್ಟಿದ್ದರು. ಕಟ್ಟೆಯ ಮೇಲೆ ಕೊಡ ಇಟ್ಟುಕೊಂಡು ವಯಸ್ಸಾದ ಹೆಂಗಸೊಬ್ಬಳು ಕೂತಿದ್ದಳು. ಪುಟ್ಟಗಂಗಮ್ಮ ಎಂದು ತಾನೇ ಹೆಸರು ಹೇಳಿದಳು. ಕರೆಂಟು ಬಂದಾಗ ಮೋಟಾರು ಹಾಕುವ ಕೆಲಸ ತನ್ನದೆಂದೂ ಹೇಳಿದಳು. ಸರ್ವಮಂಗಳ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಜಾಲಾಡಿಸಿ, ಮುಚ್ಚಳವನ್ನೂ ಜಾಲಾಡಿಸಿ, ಗಾಳಿಗುಳ್ಳೆ ಇಲ್ಲದಂತೆ ತುಂಬಿ, ದಿನಾಂಕ, ಗಂಟೆ ಬರೆದು ಅಂಟಿಸಿದಳು. ಯಾರೋ ಹಿಂದೆ ನಿಂತು ನೋಡುತ್ತಿದ್ದಾರೆ ಎಂಬಂತೆ ಪ್ರತಿ ಕೆಲಸವನ್ನೂ ತೋರಿಸಿ ತೋರಿಸಿ ಮಾಡಿದಳು.

"ಏನವ್ವ, ನಮ್ ನೀರು ಚೆಂದಾಗೈತಾ?" ಎಂದಳು ಪುಟ್ಟಗಂಗಮ್ಮ.

"ನೋಡಿ ಹೇಳ್ಬೇಕು ಅಜ್ಜಿ."

"ಬಾಟ್ಲೀಲಿ ತುಂಬ್ಕಂಡೋದೋರು ಶ್ಯಾನೆ ಜನ. ಬಂದು ಹೇಳ್ದೋರು ಒಬ್ರೂ ಇಲ್ಲ. ಇನ್ನೊಂದ್ ಕಿತ ಬಂದಾಗ ನಿಮ್ ಬಾಟ್ಲಿ ಇಟ್ಕಂಬುಡ್ತೀನಿ ಅಂದಿದ್ದೆ ಕಣವ್ವ, ಅಡವಿಟ್ಕಂಡಂಗೆ."

ಸರ್ವಮಂಗಳ ನಕ್ಕಳು. ನಗುತ್ತಲೇ ಮುದುಕಿಯ ಹಲ್ಲುಗಳನ್ನು ನೋಡಿದಳು. ಎಲೆಅಡಿಕೆಯಲ್ಲಿ ಅವು ಕೆಂಪಗಾಗಿ ಏನೂ ತಿಳಿಯುವಂತಿರಲಿಲ್ಲ. ಎದ್ದು ಹೋಗುವಾಗ ಅವಳ ಮಂಡಿ ಬಗ್ಗುತ್ತದೆಯೇ ಎಂದು ನೋಡಿದಳು. ಬಗ್ಗಿತು. ಅಷ್ಟರಲ್ಲಿ ಶಾಲೆಯ ಸಮವಸ್ತ್ರದ ಹುಡುಗಿಯೊಬ್ಬಳು ಬಂದು ನಲ್ಲಿಗೆ ಬಾಯಿ ಒಡ್ಡಿ ನೀರು ಕುಡಿದಳು, ತಲೆ ಎತ್ತಿ ಕಾರನ್ನೂ ಇವರನ್ನೂ ನೋಡಿ ಬಾಯಿತುಂಬ ನಕ್ಕಳು. ಹಾಲಿನಂಥ ಬಿಳಿ ಹಲ್ಲು. ಒಂದು ಕಲೆ ಇಲ್ಲ. ಸರ್ವಮಂಗಳಳಿಗೆ ನಿರಾಸೆಯಾಯಿತು. ನಿರಾಸೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕಾರು ಗುಬ್ಬಿ ದಾಟಿದ ಮೇಲೆ, ಮಡಿಲಲ್ಲಿ ಬಾಟಲಿ ಬೆಚ್ಚಗಾಗುತ್ತಿದ್ದಾಗ, ತಾನು ಏನನ್ನು ಬೇಡಿಕೊಳ್ಳುತ್ತಿದ್ದೇನೆ ಎಂಬುದು ಎದುರಿಗೆ ಬಂದು ನಿಂತಿತು. ಆ ಊರಿನ ನೀರು ಕೆಟ್ಟಿರಲಿ. ಹತ್ತೊಂಬತ್ತು ವರ್ಷದಿಂದ ಕೆಟ್ಟಿರಲಿ. ಮಾತು ಇಷ್ಟು ಸ್ಪಷ್ಟವಾಗಿ ಮೂಡಿದರೂ ಅದು ಹೋಗಲಿಲ್ಲ. ಕಿಟಕಿಯ ಗಾಜು ಇಳಿಸಿದಳು, ಗಾಳಿ ಬಂತು, ಬೇಡಿಕೆ ಅಲ್ಲೇ ಇತ್ತು.

ಆಫೀಸಿನ ಮೂಲೆಯಲ್ಲಿ ಒಂದು ಸಿಂಕು, ಒಂದು ಹಳೆಯ ಮೀಟರು, ಶಿರಾ ಗೇಟ್‌ನ ಬ್ಯಾಟರಿ ಅಂಗಡಿಯಿಂದ ತಂದ ಡಿಸ್ಟಿಲ್ಡ್ ವಾಟರಿನ ಕ್ಯಾನು ಇದ್ದವು. ಗಿರಾಕಿಗಳ ಯಂತ್ರದ ಜೊತೆ ಸಾಫ್ಟ್‌ವೇರ್ ಮಾತಾಡುತ್ತದೆಯೇ ಎಂದು ಪರೀಕ್ಷಿಸಲು ಇಟ್ಟುಕೊಂಡದ್ದು. ಮೂರು ಪ್ಲಾಸ್ಟಿಕ್ ಬೀಕರುಗಳನ್ನು ತೊಳೆದು ಟಿಶ್ಯೂ ಕಾಗದದ ಮೇಲೆ ಕವುಚಿ ಸಾಲಾಗಿ ಇಟ್ಟಳು: ಮೊದಲನೆಯದು ಒಂದು ಮಿಲಿಗ್ರಾಂನ ದ್ರಾವಣಕ್ಕೆ, ಎರಡನೆಯದು ಹತ್ತಕ್ಕೆ, ಮೂರನೆಯದು ಗುಬ್ಬಿಯ ನೀರಿಗೆ. ಒಂದು ಸರಿಯಾಗಿ ಬಂತು. ಹತ್ತು ಸರಿಯಾಗಿ ಬಂತು. ಮೂರು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಫೋನು ಬಂತು.

"ಆಯ್ತೇನಮ್ಮ ನನ್ನ ಕೆಲಸ?"

ಅವಳು ಮತ್ತೆ ನಿಂತಿದ್ದಳು, ಈ ಸಲ ಕೂತಿರಲೇ ಇಲ್ಲವಾದ್ದರಿಂದ ಬೆನ್ನು ನೆಟ್ಟಗಾದದ್ದಷ್ಟೇ ಗೊತ್ತಾಯಿತು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡು, "ಅದರ ಮೇಲೇ ಇದೀನಿ ಸರ್. ಇನ್ನ ಹತ್ತು ನಿಮಿಷ," ಎಂದಳು, ಜೀವಮಾನದಲ್ಲಿ ಅವರೊಂದಿಗೆ ಆಡದಷ್ಟು ಮೃದುವಾಗಿ. ಬೀಕರಿನಲ್ಲಿದ್ದುದನ್ನು ಸಿಂಕಿಗೆ ಚೆಲ್ಲಿದಳು.

"ನೀನೊಬ್ಬಳು ಜಾಣೆ ಇದ್ದೆ ಕಣಮ್ಮ ಆ ಬ್ಯಾಚಲ್ಲಿ. ಕೈ ಸ್ವಲ್ಪ ಅವಸರ, ಅಷ್ಟೇ."

"ಹೌದಾ ಸರ್?" ಬಾಟಲಿಯ ಮುಚ್ಚಳ ತಿರುಗಿಸಿದಳು.

"ಹೂಂ. ಇಡ್ಲಾ?"

"ಇಡಿ ಸರ್." ಗುಬ್ಬಿಯ ನೀರನ್ನು ಸುರಿದಳು, ಅಳತೆ ಹದವಾಗಿರಲು ಬೇಕಾದ ಬಫರ್ ದ್ರಾವಣವನ್ನು ಅಷ್ಟೇ ಪ್ರಮಾಣದಲ್ಲಿ ಸೇರಿಸಿದಳು, ಮೀಟರಿನ ಎಲೆಕ್ಟ್ರೋಡನ್ನು ಇಳಿಸಿದಳು. ಅಂಕಿ ಕುಣಿಯಿತು, ಇಳಿಯಿತು, ನಿಧಾನವಾಯಿತು, ನಿಂತಿತು. 1.76.

ಅವಳು ಕೂತಳು. ಕಣ್ಣು ತುಂಬಿತು. ಪತ್ರ ತಾನಾಗಿ ಬಂತು, ಒಂದು ಪದವನ್ನೂ ಹುಡುಕಬೇಕಾಗಲಿಲ್ಲ; ಅರ್ಧ ಪುಟ ಮುಗಿದಾಗ ರಂಗರಾಜು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು, "ಬಂತಾ ಮೇಡಂ?" ಎಂದ. ಬಂತು ಎಂದಳು. "ಅಯ್ಯೋ ಪಾಪ," ಎಂದ ಅವನು. ಯಾರಿಗೆ ಎಂದು ಅವಳು ಕೇಳಲಿಲ್ಲ, ಊರಿನವರಿಗೆ ಇರಬೇಕು ಎಂಬುದು ಎರಡು ಸಾಲು ಬರೆದ ಮೇಲೆ ಹೊಳೆಯಿತು. ಅವನು ಹೋದ. ಮರು ಅಳತೆ ಮಾಡಿದ ವಿಧಾನವನ್ನು ವಿವರಿಸುವ ಪ್ಯಾರಾ ಬಂದಿತ್ತು. ಮೂರು ಪ್ರತ್ಯೇಕ ಶುಚಿ ಪಾತ್ರೆಗಳನ್ನು ಬಳಸಲಾಯಿತು ಎಂದು ಬರೆದು, ಲೆಕ್ಕಕ್ಕೆಂಬಂತೆ ಸಿಂಕಿನ ಕಡೆ ನೋಡಿದಳು.

ಮೂರನೆಯ ಲೋಟ ಟಿಶ್ಯೂ ಕಾಗದದ ಮೇಲೆ ಕವುಚಿಕೊಂಡೇ ಇತ್ತು. ಒಣಗಿತ್ತು.

ಅವಳು ಏಳಲಿಲ್ಲ. ಮೀಟರಿನ ಕೆಳಗೆ ಎಲೆಕ್ಟ್ರೋಡು ಮುಳುಗಿದ್ದ ಬೀಕರಿನ ಮೇಲೆ ಅವಳದೇ ಅಕ್ಷರದಲ್ಲಿ 10 ಎಂದು ಬರೆದಿತ್ತು. ಚೆಲ್ಲಿದ ಮೇಲೂ ತಳದಲ್ಲಿ, ಗೋಡೆಯಲ್ಲಿ, ಎಲೆಕ್ಟ್ರೋಡಿನ ತುದಿಯಲ್ಲಿ ಹತ್ತರ ದ್ರಾವಣ ಒಂದೆರಡು ಮಿಲಿ ಉಳಿದಿರುತ್ತದೆ, ಅಷ್ಟು ಸಾಕು. ಯಾರಿಗೂ ಗೊತ್ತಾಗುವುದಿಲ್ಲ. ರಂಗರಾಜು ಕಾಮರ್ಸ್ ಓದಿದವನು. ಸಾಫ್ಟ್‌ವೇರಿನಲ್ಲಿ ಅಂಕಿ ಕೂತಿದೆ, ಅದನ್ನು ಯಾರೂ ಅಳಿಸಲಾಗದು. ಅವಳ ಕಣ್ಣು ಪರದೆಯ ಇನ್ನೊಂದು ಮಗ್ಗುಲಲ್ಲಿ ತೆರೆದೇ ಇದ್ದ ಕುಣಿಗಲ್‌ನ ಪುಟಕ್ಕೆ ಹೋಯಿತು. ಹದಿನಾರು. ದ್ರಾವಣ. ಹದಿನೇಳು. ಬೆಳಿಗ್ಗೆ ಇದನ್ನೇ ಹಲವು ಸಲ ಓದಿ ಗೀಟನ್ನು ಮಾತ್ರ ನೋಡಿದ್ದಳು. ಜಯಪ್ರಕಾಶರ ಲ್ಯಾಬಿನಲ್ಲಿ ಹದಿನೇಳು ಯಾವತ್ತೂ ಹತ್ತರ ದ್ರಾವಣದ ಬೆನ್ನಿಗೇ ಬರುತ್ತದೆ. ಕಳೆದ ವಾರವೂ, ಹತ್ತೊಂಬತ್ತು ವರ್ಷದ ಹಿಂದೆಯೂ. ಅಳಿಸುವವನನ್ನು ಹಿಡಿಯಲೆಂದು ಎಂಟು ವರ್ಷ ಕಟ್ಟಿದ ಸಾಫ್ಟ್‌ವೇರಿನಲ್ಲಿ, ಈ ಬೀಕರಿನಲ್ಲಿ ಮೊದಲು ಏನಿತ್ತು ಎಂದು ಅಳೆಯುವವಳನ್ನು ಕೇಳುವ ಒಂದು ಸಾಲೂ ಇರಲಿಲ್ಲ.

ಆದರೆ ನಾನು ಅಂದು ತೊಳೆದಿದ್ದೆ. ಅವಳು ಆ ನೆನಪನ್ನು ಕರೆದಳು, ಅದು ಕೂಡಲೇ ಬಂತು, ಎಂದಿನಷ್ಟೇ ಸ್ಪಷ್ಟವಾಗಿ. ನಲ್ಲಿ. ತಿರುಗುವ ಬೀಕರು. ಒಂದು, ಎರಡು, ಮೂರು. ಒದ್ದೆ ಬೆರಳುಗಳು. ಈ ಸಲ ಅವಳು ಬೆರಳುಗಳನ್ನು ನೋಡಿದಳು. ದಪ್ಪ ಗೆಣ್ಣು, ಸುಣ್ಣದಲ್ಲಿ ಬಿರಿದಂಥ ಚರ್ಮ, ಉಂಗುರದ ಬೆರಳಿನಲ್ಲಿ ಸವೆದ ತಾಮ್ರದ ಉಂಗುರ. ಸಿದ್ದಯ್ಯನ ಕೈ. ಅದಕ್ಕೂ ಹಿಂದಿನದನ್ನು ಕರೆದಳು, 1.9 ಬರುವ ಮೊದಲಿನದನ್ನು, ತನ್ನ ಕೈಯನ್ನು. ಅಲ್ಲಿ ಏನೂ ಇರಲಿಲ್ಲ.

ಕೆಳಗೆ ರಸ್ತೆಯಲ್ಲಿ ಸೊಪ್ಪಿನವಳ ಕೂಗು ಹಾದುಹೋಯಿತು. ಲೋಟ ತೊಳೆದಿತ್ತೋ ಇಲ್ಲವೋ ಜಯಪ್ರಕಾಶರಿಗೂ ಗೊತ್ತಿರಲಿಲ್ಲ, ಎಂದುಕೊಂಡಳು. ಮತ್ತೆ ಅಳೆಯಲಿಲ್ಲ, ಹುಡುಗಿಯ ಹೆಸರು ಬರೆದರು, ಈಗ ಕದ್ದು ಅಳಿಸಲು ಕೇಳುತ್ತಿದ್ದಾರೆ. ಅಷ್ಟಂತೂ ನಿಜ, ಅಷ್ಟನ್ನೇ ಬರೆದರೂ ಸಾಕು. ಅಷ್ಟು ಸಾಲುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದಲ್ಲ. ತೊಳೆದಿದ್ದೆ ಎಂದು ಬೆಳಿಗ್ಗೆ ತ್ರಿವೇಣಿಯ ಬಾಯಿಗೆ ತುರುಕಿದ ಮಾತು ನೆನಪಾಗಿ ಕಿವಿ ಬಿಸಿಯಾಯಿತು. ಆ ಹುಡುಗಿ ಅನುಮಾನವನ್ನಾದರೂ ಉಳಿಸಿಕೊಂಡಿದ್ದಳು.

ಫೋನು ಮತ್ತೆ ಬಂತು, ಅದೇ ಹೆಸರು. ಅದು ಬಡಿದುಕೊಂಡು ಸುಮ್ಮನಾಗುವವರೆಗೂ ಅವಳು ಕೂತೇ ಇದ್ದಳು. ಆಮೇಲೆ ಎದ್ದು ಮೂರನೆಯ ಲೋಟವನ್ನು ತೆಗೆದುಕೊಂಡು ಕ್ಯಾನಿನ ನೀರಿನಲ್ಲಿ ಮೂರು ಸಲ, ಗುಬ್ಬಿಯ ನೀರಿನಲ್ಲಿ ಮೂರು ಸಲ ತೊಳೆದಳು, ಪ್ರತಿ ಸಲವೂ ತನ್ನ ಕೈಯನ್ನು ನೋಡುತ್ತ. ಗುಬ್ಬಿಯ ನೀರು ತುಂಬಿ, ಬಫರ್ ಸೇರಿಸಿ, ಎಲೆಕ್ಟ್ರೋಡನ್ನು ತೊಳೆದು ಒರೆಸಿ ಇಳಿಸಿದಳು. ಅಂಕಿ ನಿಲ್ಲಲು ನಾಲ್ಕು ನಿಮಿಷ ಹಿಡಿಯಿತು. ಆ ನಾಲ್ಕು ನಿಮಿಷವೂ ಅದು ಏರಲಿ ಎಂದೇ ಅವಳು ಬೇಡಿಕೊಂಡಳು.

ಪತ್ರವನ್ನು ಮುಚ್ಚಿದಳು. ಜಯಪ್ರಕಾಶರ ಸಾಲನ್ನು ಮುಟ್ಟಲಿಲ್ಲ, ಅದು ಇದ್ದ ಹಾಗೇ ಇರಲಿ. ತನ್ನ 1.76ರ ಮೇಲೆ ಗೀಟು ಎಳೆದಾಗ ಸಾಫ್ಟ್‌ವೇರ್ ಎಲ್ಲರನ್ನೂ ಕೇಳುವಂತೆ ಅವಳನ್ನೂ ಕೇಳಿತು. ಕಾರಣ: ಲೋಟ ತೊಳೆದಿರಲಿಲ್ಲ. ಹೆಸರು: ಸರ್ವಮಂಗಳ. ಮರು ಅಳತೆ, ಜುಲೈ 11, ಸಂಜೆ 4.09: ಲೀಟರಿಗೆ 0.94 ಮಿಲಿಗ್ರಾಂ.